ಮಂಜರಾಬಾದಿನ ಮಲೆದಾರಿಯೂ ಲಾರಿಯ ಟೈರೂ: ಬಾಳಿಕೆಯ ಪ್ರಶ್ನೆಯ ಒಂದು ಚಾರಿತ್ರಿಕ ವಿವೇಚನೆ

೧. ಪ್ರಸ್ತಾವನೆ

ಕರ್ನಾಟಕದ ರಾಜವಂಶಗಳು, ಶಾಸನಗಳು, ಕೋಟೆಕೊತ್ತಲಗಳು ಇವುಗಳ ವಿಷಯದಲ್ಲಿ ನಡೆದಿರುವಷ್ಟು ಸಂಶೋಧನೆ ನಮ್ಮ ನಾಡಿನ ದಾರಿಗಳ ವಿಷಯದಲ್ಲಿ ನಡೆದಿಲ್ಲ. ದಾರಿಯ ಮೇಲೆ ಉರುಳಿದ ಚಕ್ರವಂತೂ ಚರಿತ್ರಕಾರನ ಗಮನಕ್ಕೆ ಬಂದುದು ಬಹು ಕಡಮೆ. ಆದರೆ ಒಂದು ಸೀಮೆಯಲ್ಲಿ ಬೆಳೆದ ಪದಾರ್ಥವು ಪೇಟೆಯನ್ನು ಮುಟ್ಟಿದ ಮೇಲೆಯೇ ಅದಕ್ಕೆ ಬೆಲೆ. ಮುಟ್ಟಿಸುವ ಸಾಧನವು ನಡುದಾರಿಯಲ್ಲಿ ಕೆಟ್ಟು ನಿಂತರೆ ಬೆಳೆದವನ ವರ್ಷದ ದುಡಿಮೆಯೂ ಅಲ್ಲಿಯೇ ನಿಲ್ಲುತ್ತದೆ.

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದಂತಹ ಮಲೆನಾಡ ಊರುಗಳಿಂದ ಕಾಫಿ, ಮೆಣಸು, ಏಲಕ್ಕಿ, ಮರಮಟ್ಟುಗಳು ಲಾರಿಯಲ್ಲಿಯೇ ಹೊರಗೆ ಹೋಗಬೇಕು; ಗೊಬ್ಬರ, ಸಿಮೆಂಟು, ದಿನಸಿಗಳು ಲಾರಿಯಲ್ಲಿಯೇ ಒಳಗೆ ಬರಬೇಕು. ಇಂತಹ ಊರಿನಲ್ಲಿ ಲಾರಿಯನ್ನಿಟ್ಟುಕೊಂಡವನಿಗೆ ಟೈರು ಮೇಲಿಂದ ಮೇಲೆ ಸಿಡಿಯುವುದು ದೊಡ್ಡ ಕಷ್ಟ. ಸಿಡಿದುದರ ಬದಲಿಗೆ ಬಾಳಿಕೆ ಬರುವ ಯಾವ ಟೈರನ್ನು ಹಾಕಬೇಕು ಎಂದು ಅವನು ಕೇಳುತ್ತಾನೆ. ಮೇಲುನೋಟಕ್ಕೆ ಇದು ಟೈರು ಅಂಗಡಿಯವನು ಉತ್ತರಿಸಬೇಕಾದ ಪ್ರಶ್ನೆ. ಆದರೆ ಇದೇ ಪ್ರಶ್ನೆಯನ್ನು ಈ ಸೀಮೆಯ ಜನ ಬೇರೆ ಬೇರೆ ರೂಪದಲ್ಲಿ ಸುಮಾರು ನೂರೆಂಬತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಪ್ರತಿಯೊಂದು ಕಾಲದಲ್ಲಿಯೂ ಚಕ್ರಕ್ಕೆ ಬಂದ ಹೆಚ್ಚಿನ ಬಲವು ಬಾಳಿಕೆಗೆ ಉಳಿಯದೆ ಹೆಚ್ಚಿನ ಹೊರೆಗೆ ವೆಚ್ಚವಾಯಿತೆಂಬುದನ್ನೂ, ಆದುದರಿಂದ ಟೈರಿನ ಆಯ್ಕೆಯು ಹೊರೆ, ದಾರಿ, ಕಾವು ಈ ಮೂರರ ವಿಚಾರದಿಂದಲೇ ಆರಂಭವಾಗಬೇಕೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಹೇರೆತ್ತು ಮತ್ತು ಗಾಡಿ

ಇಂದಿನ ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂದು ಹೆಸರಿದ್ದಿತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯು ಕರಾವಳಿಯಿಂದ ಘಟ್ಟ ಹತ್ತುವ ದಾರಿಯನ್ನು ಕಾಯುವಂತೆ ಇಂದಿಗೂ ನಿಂತಿದೆ. ಹೇಮಾವತಿಯ ದಡದ ಸಕಲೇಶಪುರವು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿಂದ ಪಡುವಲಿಗೆ ಶಿರಾಡಿಯ ಘಟ್ಟವನ್ನೋ, ಬಿಸಿಲೆಯ ಘಟ್ಟವನ್ನೋ ಇಳಿದರೆ ಕರಾವಳಿಯ ತಪ್ಪಲು. ಮೂಡಲಿಗೆ ಆಲೂರಿನ ಕಡೆ ನಡೆದರೆ ಹಾಸನದ ಬಯಲು. ಮಲೆನಾಡಿನ ಮಾಲು ಈ ಎರಡರಲ್ಲಿ ಒಂದು ದಿಕ್ಕಿಗೆ ಹೋಗಲೇಬೇಕು.

ಮಂಜರಾಬಾದಿನಲ್ಲಿ ಐರೋಪ್ಯರ ಕಾಫಿ ಬೇಸಾಯವು ೧೮೪೩ರಲ್ಲಿ ಗ್ರೀನ್ ಎಂಬಾತನಿಂದ ಆರಂಭವಾಯಿತು. ೧೮೫೦ರ ದಶಕದ ನಡುವಿನಲ್ಲಿ ಇಲ್ಲಿಗೆ ಬಂದು ನೆಲೆಸಿದ ರಾಬರ್ಟ್ ಎಲಿಯಟ್ಟನು ಮೈಸೂರಿನ ಕಾಫಿ ಬೇಸಾಯವನ್ನು ಕುರಿತು ೧೮೭೧ರಲ್ಲಿಯೂ ೧೮೯೪ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದನು. ಆ ಕಾಲದ ಆರಂಭದಲ್ಲಿ ಸಾಗಣೆಯೆಂದರೆ ಹೇರೆತ್ತಿನ ಸಾಗಣೆ. ಮೇಲಿನಿಂದ ಅಕ್ಕಿ ಇಳಿಯುತ್ತಿತ್ತು, ಕೆಳಗಿನಿಂದ ಉಪ್ಪು ಏರುತ್ತಿತ್ತು. ಅದೇ ದಾರಿಯಲ್ಲಿ ಕಾಫಿಯೂ ಕರಾವಳಿಗೆ ಇಳಿಯಿತು. ಹೇರೆತ್ತಿನ ಹೊರೆಗೆ ಎತ್ತಿನ ಬೆನ್ನೇ ಮಿತಿ ಎಂಬುದನ್ನು ಇಲ್ಲಿ ಗಮನಿಸಬೇಕು. ಮಿತಿ ಮೀರಿದರೆ ಎತ್ತು ಮಲಗುತ್ತದೆ, ಅಥವಾ ನಡೆಯಲು ಒಲ್ಲೆನೆನ್ನುತ್ತದೆ. ಹೇರಿದವನಿಗೆ ತನ್ನ ತಪ್ಪು ಆ ಗಳಿಗೆಯಲ್ಲಿಯೇ ತಿಳಿಯುತ್ತದೆ.

ರಸ್ತೆಗಳಾದ ಮೇಲೆ ಎತ್ತಿನ ಗಾಡಿ ಬಂದಿತು. ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ಒಡನೆಯೇ ನೀರು ಹೊಯ್ದು ಬಿಗಿಯುವಂತೆ ಮಾಡುವ ಕಮ್ಮಾರನ ಕೌಶಲ ಪ್ರಸಿದ್ಧವಾದುದು. ಟೈರ್ ಎಂಬ ಮಾತು ಇಂಗ್ಲಿಷಿನಲ್ಲಿಯೂ ಮೊದಲು ಇಂತಹ ಕಬ್ಬಿಣದ ಪಟ್ಟಿಯ ಹೆಸರೇ ಆಗಿತ್ತು. ಬೇಸಗೆಯಲ್ಲಿ ಮರ ಒಣಗಿ ಕುಗ್ಗಿದರೆ ಹಳಿ ಸಡಿಲವಾಗುತ್ತಿತ್ತು. ಚಕ್ರವನ್ನು ನೀರಿನಲ್ಲಿ ನೆನೆಹಾಕಿದರೆ ಮತ್ತೆ ಬಿಗಿಯುತ್ತಿತ್ತು. ಇಷ್ಟು ಬಿಟ್ಟರೆ ಹಳಿಯು ಬಾಳಿಕೆಯ ವಸ್ತುವೇ ಸರಿ. ಆದರೆ ಕಿರಿದಾದ ಆ ಕಬ್ಬಿಣವು ಮಳೆಯಲ್ಲಿ ನೆನೆದ ಮಲೆನಾಡ ರಸ್ತೆಯನ್ನು ಸೀಳಿ ಕೊರಕಲು ಮಾಡುತ್ತಿತ್ತು. ಹಳಿ ಬಾಳಿತು, ದಾರಿ ಬಾಳಲಿಲ್ಲ. ಬಾಳಿಕೆಯ ಬೆಲೆಯನ್ನು ಒಬ್ಬನಲ್ಲದಿದ್ದರೆ ಮತ್ತೊಬ್ಬನು ತೆರುತ್ತಾನೆಂಬ ಸಂಗತಿ ನಮಗೆ ಇಲ್ಲಿಯೇ ಮೊದಲು ಕಾಣಬರುತ್ತದೆ.

೩. ಗಾಳಿ ತುಂಬಿದ ಚಕ್ರ

ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮುಟ್ಟು ಮಾಡುವ ಕ್ರಮವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ಕಂಡುಕೊಂಡನು. ಗಾಳಿ ತುಂಬಿದ ಚಕ್ರಕ್ಕೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ೧೮೪೫ರಲ್ಲಿ ಹಕ್ಕುಪತ್ರ ಪಡೆದನು. ಅದು ಬಳಕೆಗೆ ಬಾರದೆ ಮರೆತುಹೋಗಿ, ೧೮೮೮ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ಪನಿಂದ ಪುನಃ ಹುಟ್ಟಿತು. ೧೮೯೫ರಲ್ಲಿ ಫ್ರಾನ್ಸಿನ ಮಿಷೆಲಿನ್ ಸೋದರರು ಅಂತಹ ಚಕ್ರಗಳನ್ನು ಮೋಟಾರಿಗೆ ತೊಡಿಸಿ ಪಂದ್ಯದಲ್ಲಿ ಓಡಿಸಿದರು. ಭಾರತದಲ್ಲಿ ಟೈರಿನ ತಯಾರಿಕೆಯು ೧೯೩೬ರಲ್ಲಿ ಬಂಗಾಳದ ಸಾಹಾಗಂಜಿನ ಡನ್‌ಲಪ್ ಕಾರ್ಖಾನೆಯಲ್ಲಿ ಮೊದಲಾಯಿತು. ನಮ್ಮ ಲಾರಿಯವರು ಬದಲಿ ಚಕ್ರಕ್ಕೆ ಹೇಳುವ ಸ್ಟೆಪ್ನಿ ಎಂಬ ಮಾತು ವೇಲ್ಸ್ ದೇಶದ ಒಂದು ಬೀದಿಯ ಹೆಸರು. ೧೯೦೪ರ ಸುಮಾರಿಗೆ ಅಲ್ಲಿ ಬದಲಿ ಚಕ್ರ ತಯಾರಿಸುತ್ತಿದ್ದ ಸಂಸ್ಥೆಗೆ ಆ ಬೀದಿಯ ಹೆಸರಿದ್ದಿತು. ಟೈರು ದಾರಿಯಲ್ಲಿ ಕೈಕೊಡುವುದೇ ಸಹಜವೆಂಬ ತಿಳಿವಳಿಕೆ ಮೋಟಾರಿನಷ್ಟೇ ಹಳೆಯದೆಂಬುದಕ್ಕೆ ಈ ಮಾತೇ ಸಾಕ್ಷಿ.

ಗಾಳಿಯ ಚಕ್ರದ ತತ್ತ್ವವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಲಾರಿಯ ಭಾರವನ್ನು ಮುಖ್ಯವಾಗಿ ಹೊರುವುದು ರಬ್ಬರಲ್ಲ, ಒಳಗಿರುವ ಒತ್ತಿದ ಗಾಳಿ. ಆ ಗಾಳಿಯನ್ನು ಹಿಡಿದಿಡುವುದು ರಬ್ಬರಿನೊಳಗೆ ಹುದುಗಿರುವ ನೂಲಿನ ಪದರಗಳು. ಚಕ್ರವು ಉರುಳುವಾಗ ನೆಲವನ್ನು ಮುಟ್ಟಿದ ಭಾಗ ಚಪ್ಪಟೆಯಾಗಿ, ನೆಲವನ್ನು ಬಿಟ್ಟೊಡನೆ ಹಿಂದಿನ ಆಕಾರಕ್ಕೆ ಬರುತ್ತದೆ. ಹೀಗೆ ಬಾಗುವುದರಿಂದ ಕಾವು ಹುಟ್ಟುತ್ತದೆ. ಗಾಳಿ ಕಡಮೆಯಾದಷ್ಟೂ, ಹೊರೆ ಹೆಚ್ಚಿದಷ್ಟೂ ಬಾಗುವಿಕೆ ಹೆಚ್ಚು, ಕಾವೂ ಹೆಚ್ಚು. ಕಾವೇರಿದ ಪದರಗಳು ಒಂದನ್ನೊಂದು ಬಿಟ್ಟು ನೂಲು ಸೋತಾಗ ಟೈರು ಸಿಡಿಯುತ್ತದೆ. ಹೇರೆತ್ತು ತನ್ನ ಆಯಾಸವನ್ನು ತೋರಿಸುತ್ತಿತ್ತು, ಟೈರು ತೋರಿಸುವುದಿಲ್ಲ. ಒಂದು ದಿನ ಹೊತ್ತ ಅತಿಭಾರದ ಪೆಟ್ಟು ತಿಂಗಳುಗಳ ಮೇಲೆ, ಮತ್ತೊಂದು ದಾರಿಯಲ್ಲಿ, ಪ್ರಾಯಶಃ ಹಗುರವಾದ ಹೊರೆಯ ಕೆಳಗೆ ಹೊರಬೀಳಬಹುದು. ಕಾರಣ ಒಂದು ಕಡೆ, ಕಾರ್ಯ ಮತ್ತೊಂದು ಕಡೆ ಇರುವುದರಿಂದಲೇ ಸಿಡಿತವನ್ನು ಜನ ಅದೃಷ್ಟಕ್ಕೆ ಸೇರಿಸುತ್ತಾರೆ.

೪. ಯುದ್ಧಕಾಲದ ಪಾಠ

ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಬಸ್ಸು ಲಾರಿಗಳು ಹೆಚ್ಚಿದವು. ೧೯೪೨ರ ಫೆಬ್ರವರಿ ೧೫ರಂದು ಸಿಂಗಪುರವು ಜಪಾನೀಯರ ವಶವಾಯಿತು. ಪ್ರಪಂಚದ ರಬ್ಬರಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಆಗ್ನೇಯ ಏಷ್ಯದಿಂದ ಬರುತ್ತಿದ್ದುದರಿಂದ ಎಲ್ಲೆಡೆಯೂ ಟೈರಿಗೆ ಬರ ಬಂದಿತು. ಅದೇ ವರ್ಷ ಭಾರತ ಸರ್ಕಾರವು ಟೈರುಗಳ ಹಂಚಿಕೆಯನ್ನು ಆಜ್ಞೆಯ ಮೂಲಕ ತನ್ನ ಹತೋಟಿಗೆ ತೆಗೆದುಕೊಂಡಿತು. ಪೆಟ್ರೋಲಿನ ಅಭಾವದಿಂದ ಇದ್ದಿಲ ಗ್ಯಾಸಿನ ಬಸ್ಸುಗಳು ಓಡಿದವು. ಇದ್ದಿಲಿಗೆ ಕಾಡಿತ್ತು, ಟೈರಿಗೆ ಅಂತಹ ಬದಲಿ ಯಾವುದೂ ಇರಲಿಲ್ಲ. ೧೯೪೨ರಲ್ಲಿಯೇ ಬಂದ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರನು ತನ್ನ ಫಸಲನ್ನು ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಯಿತು. ಈ ವ್ಯವಸ್ಥೆ ೧೯೯೦ರ ದಶಕದವರೆಗೂ ನಡೆಯಿತು. ಎಂದ ಮೇಲೆ ಮಾಲು ಹೋಗಬೇಕಾದ ಸ್ಥಳ ಗೊತ್ತಾಗಿತ್ತು, ಹೋಗುವ ಚಕ್ರಕ್ಕೆ ಮಾತ್ರ ಕೊರತೆಯಿದ್ದಿತು.

ಈ ಅಭಾವವು ಸವೆದ ಟೈರಿನ ಮೇಲೆ ಹೊಸ ರಬ್ಬರನ್ನು ಕೂರಿಸುವ ಕಸುಬಿಗೆ ಬಲವನ್ನು ಕೊಟ್ಟಿತು. ರೀಟ್ರೆಡ್ ಎಂಬ ಮಾತು ನಮ್ಮ ಪೇಟೆಗಳ ಬೋರ್ಡುಗಳಲ್ಲಿ ಇಂದಿಗೂ ಉಳಿದಿದೆ. ೧೯೪೬ರಲ್ಲಿ ಮದರಾಸಿನ ತಿರುವೊತ್ತಿಯೂರಿನಲ್ಲಿ ಆಟದ ಬೆಲೂನು ತಯಾರಿಸಲು ಆರಂಭಿಸಿದ ಎಂ.ಆರ್.ಎಫ್. ಸಂಸ್ಥೆಯು ೧೯೫೨ರಲ್ಲಿ ಕೈಹಾಕಿದುದು ಇಂತಹ ರೀಟ್ರೆಡ್ ರಬ್ಬರಿಗೇ. ಟೈರಿನ ತಯಾರಿಕೆಗೆ ಅದು ಬಂದುದು ೧೯೬೧ರಲ್ಲಿ, ಅಮೆರಿಕದ ಮ್ಯಾನ್ಸ್‌ಫೀಲ್ಡ್ ಸಂಸ್ಥೆಯ ಸಹಕಾರದಿಂದ. ಟೈರಿನ ಒಳಮೈ ಕೆಡದಿದ್ದರೆ ಅದಕ್ಕೆ ಎರಡನೆಯ ಜನ್ಮವುಂಟು, ಒಳಮೈ ಒಮ್ಮೆ ಕಾವಿಗೆ ಸೋತರೆ ಮೇಲುಹೊದಿಕೆ ಎಷ್ಟು ಹೊಸದಾದರೂ ವ್ಯರ್ಥ ಎಂಬುದೇ ಯುದ್ಧಕಾಲ ಕಲಿಸಿದ ಪಾಠ.

ಮಲೆನಾಡಿಗೂ ರಬ್ಬರಿಗೂ ಇರುವ ನೆರೆಹೊರೆಯ ಸಂಬಂಧವನ್ನು ಇಲ್ಲಿಯೇ ಹೇಳಬಹುದು. ಬಿಸಿಲೆಯ ಘಟ್ಟದಾಚೆ, ದಕ್ಷಿಣ ಕನ್ನಡದ ಸುಳ್ಯ ಪುತ್ತೂರುಗಳ ಕಡೆ ರಾಜ್ಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಿವೆ. ೧೯೬೪ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಅನಂತರ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳು ಅಲ್ಲಿ ನೆಲೆಗೊಂಡು ಹಾಲು ಇಳಿಸುವ ಕೆಲಸ ಮಾಡಿದವು. ಕೃತಕ ರಬ್ಬರಿಗಿಂತ ಮರದ ರಬ್ಬರಿನಲ್ಲಿ ಹುಟ್ಟುವ ಕಾವು ಕಡಮೆಯಾದುದರಿಂದ ಲಾರಿಯ ಟೈರಿನಲ್ಲಿ ಅದರ ಪಾಲು ಹೆಚ್ಚು.

೫. ಬಲ ಹೆಚ್ಚಿತು, ಹೊರೆಯೂ ಹೆಚ್ಚಿತು

ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್–ಬೆನ್ಜ್ ಸಹಕಾರದಿಂದ ೧೯೫೪ರಲ್ಲಿ ಜಮ್ಷೇಡ್‌ಪುರದಲ್ಲಿ ಲಾರಿಗಳ ತಯಾರಿಕೆಯನ್ನು ಆರಂಭಿಸಿದ ಮೇಲೆ ದೇಶದಲ್ಲಿ ಡೀಸೆಲ್ ಲಾರಿ ಸರ್ವಸಾಮಾನ್ಯವಾಯಿತು. ಟೈರಿನ ಒಳನೂಲು ಹತ್ತಿಯಿಂದ ರೇಯಾನಿಗೂ, ರೇಯಾನಿನಿಂದ ನೈಲಾನಿಗೂ, ಕಡೆಗೆ ಉಕ್ಕಿನ ತಂತಿಗೂ ಬದಲಾಯಿತು. ನೂಲಿನ ಪದರಗಳನ್ನು ಓರೆಯಾಗಿ ಒಂದರ ಮೇಲೊಂದು ಹೆಣೆದ ಹಳೆಯ ಕಟ್ಟಿನ ಬದಲು, ಅಂಚಿನಿಂದ ಅಂಚಿಗೆ ನೇರವಾಗಿ ಹಾಯಿಸಿ ಮೇಲೆ ಉಕ್ಕಿನ ಪಟ್ಟಿ ಸುತ್ತಿದ ರೇಡಿಯಲ್ ಟೈರಿಗೆ ಮಿಷೆಲಿನ್ ಸಂಸ್ಥೆ ೧೯೪೬ರಲ್ಲಿ ಹಕ್ಕುಪತ್ರ ಪಡೆದಿತು. ನಮ್ಮ ಮೈಸೂರಿನಲ್ಲಿಯೂ ರಾಜ್ಯ ಸರ್ಕಾರದ ಆಶ್ರಯದಲ್ಲಿ ವಿಕ್ರಾಂತ್ ಟೈರು ಕಾರ್ಖಾನೆ ಹುಟ್ಟಿ, ೧೯೯೭ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿತು.

ಇಷ್ಟೆಲ್ಲ ಬಲ ಬಂದ ಮೇಲೂ ಸಿಡಿತ ನಿಲ್ಲಲಿಲ್ಲವೇಕೆ? ಉತ್ತರವು ರಸ್ತೆಯ ಚರಿತ್ರೆಯಲ್ಲಿದೆ. ೧೯೭೪ರಲ್ಲಿ ನವಮಂಗಳೂರು ಪ್ರಮುಖ ಬಂದರೆಂದು ಘೋಷಿತವಾಯಿತು. ಹಾಸನ–ಮಂಗಳೂರು ರೈಲುದಾರಿ ೧೯೭೯ರಲ್ಲಿ ಪೂರ್ಣವಾಯಿತಾದರೂ ಹಳಿಯ ಅಗಲವನ್ನು ಹೆಚ್ಚಿಸುವ ಕೆಲಸಕ್ಕಾಗಿ ಸಕಲೇಶಪುರದಿಂದ ಕೆಳಗಿನ ಘಟ್ಟದ ಭಾಗ ೧೯೯೬ರಲ್ಲಿ ಮುಚ್ಚಿ, ಗೂಡ್ಸ್ ಗಾಡಿಗಳಿಗೆ ತೆರೆದುದು ೨೦೦೬ರಲ್ಲಿ. ಈ ದಶಕದಲ್ಲಿ ಬಂದರಿನ ಭಾರವೆಲ್ಲ ಶಿರಾಡಿಯ ರಸ್ತೆಯ ಮೇಲೆ ಬಿದ್ದಿತು. ಬಳ್ಳಾರಿ ಕಡೆಯ ಕಬ್ಬಿಣದ ಅದಿರಿನ ಲಾರಿಗಳೂ ಅದರೊಡನೆ ಸೇರಿದವು. ೨೦೧೦ರ ಜುಲೈಯಲ್ಲಿ ರಾಜ್ಯ ಸರ್ಕಾರವು ತನ್ನ ಬಂದರುಗಳಿಂದ ಅದಿರಿನ ರಫ್ತನ್ನು ನಿಷೇಧಿಸುವ ಹೊತ್ತಿಗೆ ಘಟ್ಟದ ರಸ್ತೆ ಜರ್ಜರಿತವಾಗಿತ್ತು. ೨೦೧೫ ಮತ್ತು ೨೦೧೮ರಲ್ಲಿ ಸಂಚಾರವನ್ನು ನಿಲ್ಲಿಸಿ ಕಾಂಕ್ರೀಟು ಹಾಸಬೇಕಾಯಿತು.

ಅತಿಭಾರವು ರಸ್ತೆಗೆ ಮಾಡುವ ಹಾನಿಯ ಪ್ರಮಾಣವನ್ನು ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ೧೯೫೮ರಿಂದ ೧೯೬೦ರವರೆಗೆ ನಡೆದ ಪ್ರಸಿದ್ಧ ರಸ್ತೆಪರೀಕ್ಷೆ ತೋರಿಸಿಕೊಟ್ಟಿತು. ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. ಹೀಗೆ ಒಡೆದ ರಸ್ತೆಯ ಚೂಪುಗಲ್ಲು, ಹೊಂಡದ ಅಂಚುಗಳು ಅತಿಭಾರದ ಲಾರಿಯ ಟೈರನ್ನು ಮಾತ್ರ ಕೊಯ್ಯುವುದಿಲ್ಲ. ಹತ್ತು ಮೂಟೆ ಕಾಫಿ ಹೊತ್ತ ಸಣ್ಣ ಹಿಡುವಳಿದಾರನ ವಾಹನದ ಟೈರನ್ನೂ ಕೊಯ್ಯುತ್ತವೆ.

ಕಾಯಿದೆಯ ಮಿತಿಯೂ ಏರಿದೆ. ನಾಲ್ಕು ಟೈರುಗಳಿರುವ ಒಂದು ಹಿಂದಿನ ಅಚ್ಚಿಗೆ ೧೦.೨ ಟನ್ ಇದ್ದ ಮಿತಿಯನ್ನು ೨೦೧೮ರ ಜುಲೈಯಲ್ಲಿ ಕೇಂದ್ರ ಸರ್ಕಾರವು ೧೧.೫ ಟನ್ನಿಗೂ, ಎರಡು ಟೈರುಗಳಿರುವ ಮುಂದಿನ ಅಚ್ಚಿಗೆ ೬ ಟನ್ ಇದ್ದುದನ್ನು ೭ ಟನ್ನಿಗೂ ಏರಿಸಿತು. ಅಂದರೆ ಹಿಂದಿನ ಒಂದೊಂದು ಟೈರು ೨,೫೫೦ ಕಿಲೋಗ್ರಾಮಿನ ಬದಲು ೨,೮೭೫ ಕಿಲೋಗ್ರಾಮನ್ನೂ, ಮುಂದಿನ ಒಂದೊಂದು ಟೈರು ೩,೦೦೦ದ ಬದಲು ೩,೫೦೦ ಕಿಲೋಗ್ರಾಮನ್ನೂ ಹೊರುವ ಸಂಭವವುಂಟಾಯಿತು. ಕಾಗದದ ಮೇಲೆ ಮಿತಿ ಏರಿತೆಂದು ಹಳೆಯ ಟೈರಿಗೆ ಹೊಸ ಬಲ ಬರಲಾರದಷ್ಟೆ.

೬. ಸಿಡಿದ ಟೈರಿನ ಸಾಕ್ಷ್ಯ

ಚರಿತ್ರಕಾರನಿಗೆ ಮುರಿದ ಶಾಸನವೂ ಸಾಕ್ಷ್ಯವೇ. ಅದೇ ರೀತಿ ಸಿಡಿದ ಟೈರನ್ನು ಗುಜರಿಗೆ ಹಾಕುವ ಮೊದಲು ಓದಬೇಕು. ಪಕ್ಕದ ಗೋಡೆಯ ಒಳಮೈ ಸುತ್ತಲೂ ಉಜ್ಜಿ ಕಪ್ಪು ಪುಡಿಯಾಗಿದ್ದರೆ ಅದು ಕಡಮೆ ಗಾಳಿಯಲ್ಲಿ ಓಡಿದುದರ ಗುರುತು. ನೆಲ ಮುಟ್ಟುವ ಭಾಗದ ನಡುವೆ ನಕ್ಷತ್ರದಂತೆ ಸೀಳಿದ್ದರೆ ಕಲ್ಲಿನ ಅಥವಾ ಹೊಂಡದ ಪೆಟ್ಟು. ರಿಮ್ಮಿನ ಬಳಿಯ ಅಂಚು ಸುಟ್ಟು ಗಡುಸಾಗಿದ್ದರೆ ಬ್ರೇಕಿನ ಕಾವು. ಘಟ್ಟವನ್ನು ಕೆಳಗಿನ ಗೇರಿನ ಹಿಡಿತದಲ್ಲಿ ಇಳಿಯದೆ ಬ್ರೇಕನ್ನೇ ತುಳಿದು ಇಳಿದರೂ, ಬ್ರೇಕು ಬಿಡದೆ ಕಚ್ಚಿಕೊಂಡಿದ್ದರೂ ಹೀಗಾಗುತ್ತದೆ. ಮೇಲುಹೊದಿಕೆ ಹಾಳೆಯಂತೆ ಕಿತ್ತುಬಂದಿದ್ದರೆ ಸೋತ ಒಳಮೈಯ ಮೇಲೆ ರೀಟ್ರೆಡ್ ಮಾಡಿದುದು, ಇಲ್ಲವೆ ಗಾಯದೊಳಗೆ ಮಳೆಯ ನೀರು ಇಳಿದು ಉಕ್ಕಿನ ತಂತಿ ತುಕ್ಕು ಹಿಡಿದುದು ಕಾರಣವಾಗಿರಬಹುದು.

ಯಾವ ಚಕ್ರ ಸಿಡಿಯಿತೆಂಬುದೂ ಮುಖ್ಯ. ಹಿಂದಿನ ಜೋಡಿಯಲ್ಲಿ ಒಳಗಿನ ಟೈರೇ ಮತ್ತೆ ಮತ್ತೆ ಹೋಗುತ್ತಿದ್ದರೆ, ಕಂಪನಿ ಬದಲಾಯಿಸಿದುದರಿಂದ ಪ್ರಯೋಜನವಿಲ್ಲ. ಅದರ ವಾಲ್ವು ಕೈಗೆಟುಕದೆ ಗಾಳಿಯ ಪರೀಕ್ಷೆ ತಪ್ಪುತ್ತಿರಬಹುದು. ಎರಡು ಟೈರುಗಳ ನಡುವೆ ಕಲ್ಲು ಸಿಕ್ಕಿರಬಹುದು. ಸವೆದ ಟೈರಿನ ಜೊತೆಗೆ ಹೊಸದನ್ನು ಹಾಕಿದುದರಿಂದ ಎತ್ತರವಾದುದು ಹೆಚ್ಚು ಭಾರ ಹೊರುತ್ತಿರಬಹುದು. ಜೋಡಿಯಲ್ಲಿ ಒಂದರ ಗಾಳಿ ಹೋದರೆ ೨,೮೭೫ ಕಿಲೋಗ್ರಾಮು ಹೊರಬೇಕಾದ ಇನ್ನೊಂದರ ಮೇಲೆ ಐದೂಮುಕ್ಕಾಲು ಟನ್ ಬೀಳುತ್ತದೆ. ಒಂದರ ಅಲಕ್ಷ್ಯದಿಂದ ಎರಡು ಹೋಗುವ ಬಗೆ ಇದು.

ಸಾಕ್ಷ್ಯವನ್ನು ಓದಿದ ಮೇಲೆ ಆಯ್ಕೆ. ಮೊದಲು ತುಂಬಿದ ಲಾರಿಯನ್ನು ವೇಬ್ರಿಡ್ಜಿನ ಮೇಲೆ ಮುಂದಿನ ಅಚ್ಚು, ಹಿಂದಿನ ಅಚ್ಚು ಎಂದು ಪ್ರತ್ಯೇಕವಾಗಿ ತೂಗಿಸಬೇಕು. ಒಂದೊಂದು ಟೈರಿನ ಪಾಲಿಗೆ ಬರುವ ಭಾರವನ್ನು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಭಾರಮಿತಿಯೊಡನೆ ಹೋಲಿಸಬೇಕು. ಹೆಚ್ಚು ಪ್ಲೈಯ ಟೈರು ಹೆಚ್ಚು ಹೊರುವುದು ಅದಕ್ಕೆ ತಕ್ಕ ಹೆಚ್ಚಿನ ಗಾಳಿ ಇದ್ದಾಗ ಮಾತ್ರ. ಹಳೆಯ ಒತ್ತಡದಲ್ಲಿಯೇ ಓಡಿಸಿದರೆ ಹೆಚ್ಚಿನ ಬೆಲೆ ತೆತ್ತುದು ವ್ಯರ್ಥ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಘಟ್ಟ ಇಳಿದು ಕಾದ ಟೈರಿನಲ್ಲಿ ಒತ್ತಡ ಏರಿದೆಯೆಂದು ಗಾಳಿ ಬಿಡುವುದು ಮುಂದಿನ ಸಿಡಿತಕ್ಕೆ ಬೀಜ ಬಿತ್ತಿದಂತೆ.

ಅನಂತರ ದಾರಿಯ ವಿಚಾರ. ಹೆಚ್ಚಿನ ಓಡಾಟ ಡಾಂಬರು ಕಾಂಕ್ರೀಟುಗಳ ಹೆದ್ದಾರಿಯಲ್ಲಿಯಾದರೆ ಕಾವು ಕಡಮೆಯಾದ ರೇಡಿಯಲ್ ಟೈರೇ ಮೇಲು. ತೋಟದ ಕಲ್ಲುದಾರಿ, ಕೆಸರು, ತಿರುವುಗಳಲ್ಲಿ ನಿಧಾನವಾಗಿ ಓಡುವ ಲಾರಿಗೆ ಪಕ್ಕದ ಗೋಡೆ ದಪ್ಪವಾದ ನೈಲಾನ್ ಟೈರು, ಹಿಂದಿನ ಚಕ್ರಗಳಿಗೆ ಆಳವಾದ ಲಗ್ ಅಚ್ಚಿನದು, ಇಂದಿಗೂ ಅನುಚಿತವಲ್ಲ. ಮುಂದಿನ ಚಕ್ರಗಳಿಗೆ ಉದ್ದಗೆರೆಯ ರಿಬ್ ಟೈರು ಹೊಂದುತ್ತದೆ. ಒಂದೇ ಅಚ್ಚಿನಲ್ಲಿ ಎರಡು ಬಗೆಯನ್ನು ಬೆರೆಸಬಾರದು. ಜೋಡಿಗೆ ಒಂದೇ ಅಳತೆಯ, ಒಂದೇ ಸವೆತದ ಟೈರುಗಳಿರಬೇಕು. ಮುಂದಿನ ಟೈರೊಂದು ಹಿಂದಿನದಕ್ಕಿಂತ ಹೆಚ್ಚು ಭಾರ ಹೊರುವುದನ್ನೂ, ಅದು ಸಿಡಿದರೆ ಸ್ಟಿಯರಿಂಗು ಕೈತಪ್ಪುವುದನ್ನೂ ನೆನೆದು ಅಲ್ಲಿಗೆ ಹೊಸ ಟೈರನ್ನೇ ಹಾಕಿ, ರೀಟ್ರೆಡ್ ಆದುದನ್ನು ಹಿಂದಕ್ಕೆ ಹಾಕುವುದು ವಿವೇಕ. ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳು ಪ್ರತಿಯೊಂದು ಟೈರಿನ ಮೇಲೂ ಇರುತ್ತವೆ. ಅಂಗಡಿಯಲ್ಲಿ ಬಹುಕಾಲ ಬಿದ್ದಿದ್ದುದನ್ನು ಅಗ್ಗವೆಂದು ಕೊಳ್ಳಬಾರದು. ಅಚ್ಚಿನ ಆಳ ೧.೬ ಮಿಲಿಮೀಟರಿಗಿಂತ ಕಡಮೆಯಾಗಬಾರದೆಂದು ೧೯೮೯ರ ಕೇಂದ್ರ ನಿಯಮಾವಳಿ ಹೇಳುತ್ತದೆ. ಇದು ಕೊನೆಯ ಮಿತಿ. ಮಲೆನಾಡಿನ ಮಳೆಗಾಲಕ್ಕೆ ಇದಕ್ಕಿಂತ ಹೆಚ್ಚು ಉಳಿದಿರಬೇಕು. ರೀಟ್ರೆಡ್ ಮಾಡಿಸುವುದಾದರೆ ನೂಲು ಕಾಣುವವರೆಗೆ ಕಾಯುವಂತಿಲ್ಲ.

೭. ಹೊಣೆ ಯಾರದು?

ಟೈರಿನ ಸಿಡಿತವನ್ನು ದೈವಕೃತವೆಂದು ವಾದಿಸಿ ಪರಿಹಾರದಿಂದ ನುಣುಚಿಕೊಳ್ಳಲು ವಿಮಾಸಂಸ್ಥೆಯೊಂದು ಮಾಡಿದ ಪ್ರಯತ್ನವನ್ನು ಮುಂಬಯಿಯ ಉಚ್ಚ ನ್ಯಾಯಾಲಯವು ೨೦೨೩ರಲ್ಲಿ ತಳ್ಳಿಹಾಕಿತು. ಸಿಡಿತವು ಮನುಷ್ಯನ ಅಲಕ್ಷ್ಯದ ಫಲವೆಂಬುದು ಆ ನ್ಯಾಯಾಲಯದ ಅಭಿಪ್ರಾಯ. ನಾವು ಮೇಲೆ ವಿವರಿಸಿದ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ಆದರೆ ಯಾವ ಮನುಷ್ಯನ ಅಲಕ್ಷ್ಯವೆಂಬುದನ್ನು ವಿವೇಚಿಸಬೇಕಾಗಿದೆ. ಹೊರೆ ಎಷ್ಟೆಂದು ನಿರ್ಧರಿಸುವವನು ಬಹುಮಟ್ಟಿಗೆ ಮಾಲಿನ ಒಡೆಯ. ಟೈರಿಗೆ ಹಣ ತೆರುವವನು ಲಾರಿಯ ಒಡೆಯ. ಘಟ್ಟದ ತಿರುವಿನಲ್ಲಿ ಪ್ರಾಣವನ್ನು ಪಣವಾಗಿಡುವವರು ಚಾಲಕನೂ ಹೊರೆಯ ಮೇಲೆ ಕುಳಿತ ಹಮಾಲರೂ. ಹೇರೆತ್ತಿನ ಕಾಲದಲ್ಲಿ ಹೇರುವವನೇ ಜೊತೆಯಲ್ಲಿ ನಡೆಯುತ್ತಿದ್ದನು. ಇಂದು ಇವರೆಲ್ಲ ಬೇರೆ ಬೇರೆಯಾಗಿರುವುದರಿಂದ ಮಿತಿಯನ್ನು ಹೇಳುವ ಬೆನ್ನು ಯಾವುದೂ ಇಲ್ಲವಾಗಿದೆ.

ದಂಡ ಕಟ್ಟಿ ಅತಿಭಾರದೊಡನೆಯೇ ಮುಂದುವರಿಯುವ ಪದ್ಧತಿ ಸಲ್ಲದೆಂದೂ, ಹೆಚ್ಚಿನ ಮಾಲನ್ನು ಇಳಿಸಲೇಬೇಕೆಂದೂ ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ತೀರ್ಪಿತ್ತಿತು. ೨೦೧೯ರ ತಿದ್ದುಪಡಿಯು ಇಪ್ಪತ್ತು ಸಾವಿರ ರೂಪಾಯಿಯ ದಂಡವನ್ನೂ, ಹೆಚ್ಚಾದ ಒಂದೊಂದು ಟನ್ನಿಗೆ ಎರಡು ಸಾವಿರವನ್ನೂ ವಿಧಿಸಿತು. ಓಡಿಸುವವನ ಜೊತೆಗೆ ಓಡಿಸುವಂತೆ ಮಾಡುವವನೂ ಈ ಕಾಯಿದೆಗೆ ಒಳಪಡುತ್ತಾನೆಂಬುದು ಗ್ರಾಮಾಂತರದ ಲಾರಿಯವರಿಗೆ ತಿಳಿದಿರಬೇಕಾದ ಸಂಗತಿ.

ಹೊಂಗಡಹಳ್ಳದ ಲಾರಿಗೆ ಯಾವ ಟೈರು ಬಾಳಿಕೆ ಬಂದೀತೆಂಬ ಪ್ರಶ್ನೆಗೆ ಹೀಗೆ ನಮ್ಮ ಉತ್ತರ ಇಷ್ಟು: ಹೊರಬೇಕಾದ ಭಾರವನ್ನು ತೂಗಿನೋಡಿ ಆರಿಸಿದುದು, ಭಾರ ಕಡಮೆಯಾಗದೆ ಬಲವನ್ನಷ್ಟೇ ಹೆಚ್ಚಿಸಿ ಕೊಂಡುದಲ್ಲ. ಬಲವಾದ ಟೈರು ಬಂದೊಡನೆ ಇನ್ನೆರಡು ಮೂಟೆ ಹೇರಿದರೆ ಹಳೆಯ ಕಥೆಯೇ ಮರುಕಳಿಸುತ್ತದೆ.

ಈ ವಿಷಯದಲ್ಲಿ ಮುಂದಿನ ಸಂಶೋಧನೆಗೆ ಬೇಕಾದ ಆಕರಗಳು ಗ್ರಂಥಾಲಯಗಳಲ್ಲಿಲ್ಲ. ಅವು ತೋಟಗಳ ಸಾಗಣೆಯ ರಿಜಿಸ್ಟರುಗಳಲ್ಲಿ, ಲಾರಿ ಒಡೆಯರ ಲೆಕ್ಕದ ಪುಸ್ತಕಗಳಲ್ಲಿ, ರೀಟ್ರೆಡ್ ಅಂಗಡಿಗಳ ಚೀಟಿಗಳಲ್ಲಿ, ವಯಸ್ಸಾದ ಚಾಲಕರ ನೆನಪುಗಳಲ್ಲಿ ಇವೆ. ಕಾಗದವನ್ನು ಮಲೆನಾಡಿನ ಥಂಡಿ ಬೇಗ ತಿನ್ನುತ್ತದೆ. ನೆನಪು ಅದಕ್ಕಿಂತ ಬೇಗ ಅಳಿಯುತ್ತದೆ. ಸಕಲೇಶಪುರ ಆಲೂರುಗಳ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳು ಇವುಗಳ ಸಂಗ್ರಹಕ್ಕೆ ಈಗಲೇ ತೊಡಗುವುದು ಉಚಿತ.